ಉಪ್ಪು ನೋಡುವವಳು

ರಂಜಾನ್ ತಿಂಗಳಲ್ಲಿ ಸೌದಾಳ ಮನೆಯ ಸಾರಿಗೆ ಉಪ್ಪು ನೋಡುವವರು ಯಾರು ಎನ್ನುವುದು ನಮ್ಮೂರಿನ ಹೆಂಗಸರಿಗೆಲ್ಲ ಗೊತ್ತಿರುತ್ತದೆ. ಉಪವಾಸ ಹಿಡಿದವರು ನೋಡುವಂತಿಲ್ಲ, ಹಿಡಿಯದವರು ನೋಡಬೇಕು. ಮುಟ್ಟಾದವಳಿಗೆ ಉಪವಾಸವಿಲ್ಲ, ಬಸಿರಿ ಬೇಕಾದರೆ ಬಿಡಬಹುದು. ಅಂಥವಳಿಗೆ 'ದೇವರು ರಜೆ ಕೊಟ್ಟಿದ್ದಾನೆ' ಎಂದು ನಾವು ಹೇಳುವುದು. ರಜೆ ಇರುವವಳ ಕೈಗೆ ಸೌಟು ಬರುತ್ತದೆ. ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದರೆ ತಪ್ಪಿಲ್ಲವೆಂದು ಮಸೀದಿಯ ಇಮಾಮರು ಎಷ್ಟೋ ಸಲ ಹೇಳಿದ್ದಾರೆ. ಸೌದಾ ಒಪ್ಪುವ ಪೈಕಿಯಲ್ಲ.

"ಇಮಾಮರು ಒಲೆ ಮುಂದೆ ಕೂತಿದಾರಾ? ಉಗಿಯೋದು ಅವರಿಗೆ ಸುಲಭ. ನನ್ನ ಕೋಳಿ ಸಾರು ನಾಲಿಗೆಗೆ ಬಿದ್ದ ಮೇಲೆ ಗಂಟಲು ಸುಮ್ನಿರುತ್ತಾ?"

ಅವಳ ಕೋಳಿ ಸಾರು ಅಂಥದ್ದೇ. ಹಿಡಿ ತುಂಬ ಸೂಜಿಮೆಣಸು, ಹಸಿ ಅರಿಸಿನ, ಮಜ್ಜಿಗೆಹುಲ್ಲು ಅರೆದು, ಕೋಳಿಯ ಜೊತೆ ಬೇಯಿಸಿ, ಕೊನೆಗೆ ಗಟ್ಟಿ ತೆಂಗಿನಹಾಲು ಬಿಟ್ಟು ಸೌಟು ನಿಲ್ಲಿಸದೆ ತಿರುಗಿಸಬೇಕು. ಉಪ್ಪು ಎಲ್ಲಕ್ಕಿಂತ ಕೊನೆಗೆ. ಹೋದ ವರ್ಷ ಮಸೀದಿಯ ಇಫ್ತಾರಿಗೆ ಅಡುಗೆ ಕಳಿಸುವ ಸರದಿ ಬಂದ ದಿನ ಮನೆಯಲ್ಲಿ ಯಾರಿಗೂ ರಜೆ ಇರಲಿಲ್ಲ. ಸೌದಾ ಕಣ್ಣಳತೆಯಲ್ಲಿ ಉಪ್ಪು ಹಾಕಿ ಕಳಿಸಿದಳು. ಹಂಡೆಗೆ ಹಂಡೆಯೇ ಸಪ್ಪೆ. ಗಂಡಸರು ಮರ್ಯಾದೆಗೆ ಉಂಡರು. ಪಕ್ಕದ ಮನೆಯ ರಫೇಯಾಳಿಗೆ ಮರ್ಯಾದೆಯ ಹಂಗಿಲ್ಲ.

"ಉಪ್ಪಿಗಿಂತ ರುಚಿ ಇಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ ಸೌದಾ?" ಎಂದು ಅವಳು ಮರುದಿನ ಬಾವಿಯ ಹತ್ತಿರ ಎಲ್ಲರೆದುರು ಕೇಳಿದಳು. ಆ ಮಾತು ಸೌದಾಳಿಗೆ ವರ್ಷವಿಡೀ ಚುಚ್ಚಿತು.

ಈ ವರ್ಷ ಆ ಚಿಂತೆ ಇರಲಿಲ್ಲ. ಕಿರಿಯ ಮಗಳು ಯಾನಿ ಬಸಿರಿ. ತಿಂಗಳು ಪೂರ್ತಿ ಉಪ್ಪು ನೋಡುವವಳು ಮನೆಯಲ್ಲೇ ಇದ್ದಳು.

ಮನೆಯಲ್ಲಿರುವುದು ಐದು ಜನ. ಸೌದಾ, ಅವಳ ಮುದಿತಾಯಿ, ಇಬ್ಬರು ಹೆಣ್ಣುಮಕ್ಕಳು, ಯಾನಿಯ ಗಂಡ ಶುಕ್ರಿ. ಮುದುಕಿಯನ್ನು ಎಲ್ಲರೂ ಉವಾನ್ ಎನ್ನುತ್ತಾರೆ, ಅಂದರೆ ಅಜ್ಜಿ. ಸೌದಾಳೂ ಮಕ್ಕಳ ಜೊತೆ ಹಾಗೇ ಕರೆದು ರೂಢಿ. ಉವಾನ್‌ಗೆ ಸಕ್ಕರೆ ಕಾಯಿಲೆ, ಉಪವಾಸವಿಲ್ಲ. ಆದರೆ ಎಲೆ ಸುಣ್ಣ ತಿಂದು ತಿಂದು ಬೆಂದ ನಾಲಿಗೆ ಅವಳದು. ಏನು ಕೊಟ್ಟರೂ 'ಇನ್ನೊಂಚೂರು ಉಪ್ಪು' ಎನ್ನುತ್ತಾಳೆ. ಹಿರಿಮಗಳು ಮಝ್ನಾಳ ಗಂಡ ಲಾರಿ ಓಡಿಸುತ್ತಾನೆ, ಹಬ್ಬಕ್ಕೆ ಬರುತ್ತಾನೆ. ಅವಳ ಮೂವರು ಗಂಡುಮಕ್ಕಳು ಹಾಸ್ಟೆಲಿನಲ್ಲಿ ಓದುತ್ತಾರೆ.

ಮೂವರೂ ಗಂಡು ಎನ್ನುವುದೇ ಸೌದಾಳ ಕೊರಗು. ನಮ್ಮ ನೆಗೆರಿ ಸೆಂಬಿಲಾನ್ ಸೀಮೆಯಲ್ಲಿ ಮನೆ ಹೆಣ್ಣುಮಕ್ಕಳದು. ಅಳಿಯ ಬಂದು ಸೇರಿಕೊಳ್ಳುತ್ತಾನೆ. ಮನೆ ತಾಯಿಯಿಂದ ಕಿರಿಮಗಳಿಗೆ ಇಳಿಯುತ್ತದೆ. ಯಾನಿಗೆ ಒಂದು ಹೆಣ್ಣು ಹುಟ್ಟದಿದ್ದರೆ ಆಮೇಲೆ ಈ ಮನೆ ಯಾರದು? ಎರಡು ವರ್ಷದ ಹಿಂದೆ ಯಾನಿಗೆ ಒಂದು ಬಸಿರು ನಿಂತು, ಇಳಿದುಹೋಗಿತ್ತು. ಸಮಾಧಾನ ಹೇಳಲು ಬಂದವರೆದುರು ಸೌದಾ ನೇರವಾಗಿ ಅಳಿಯನ ಕಡೆ ಕೈ ತೋರಿಸಿದ್ದಳು.

"ಕೇಳಿ ಇವನನ್ನ. ಬಸಿರಿಯನ್ನ ಬೈಕ್ ಮೇಲೆ ಕುಣಿಸ್ಕೊಂಡು ತಿರುಗಿದ ಪುಣ್ಯಾತ್ಮ."

ಶುಕ್ರಿ ಕುವಾಲಾ ಪಿಲಾ ಪೇಟೆಯಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಬೈಕ್ ಬಿಟ್ಟರೆ ಅವನ ಹತ್ತಿರ ಬೇರೆ ಗಾಡಿಯಿಲ್ಲ. ಆಮೇಲೆ ಒಂದು ತಿಂಗಳು ಅವನು ಅಂಗಡಿಯಲ್ಲೇ ಮಲಗಿದ. ಯಾನಿ ಹೋಗಿ ಅತ್ತು ಕರೆದಾಗ ಬಂದ, ಆದರೆ ಒಂದು ಮಾತು ಹೇಳಿಯೇ ಬಂದ. "ಇನ್ನೊಂದು ಸಲ ಆ ಮಾತು ಬಂದ್ರೆ ನಾನು ಸೆರೆಂಬಾನ್‌ಗೆ ಹೋಗಿ ಬಾಡಿಗೆ ಮನೆ ಮಾಡ್ತೀನಿ. ನೀನು ಬರ್ತೀಯೋ, ಅಮ್ಮನ ಹತ್ರ ಇರ್ತೀಯೋ, ಆಗ ನೀನೇ ಹೇಳು."

 

ರಂಜಾನಿನ ಮೊದಲ ವಾರ, ಯಾನಿ ಕೆಲಸ ಮಾಡುವ ಶಿಶುವಿಹಾರದಲ್ಲಿ ಮಕ್ಕಳ ಕೈ ತೊಳೆಸುತ್ತಿದ್ದಾಗ ಅವಳಿಗೆ ರಕ್ತ ಕಂಡಿತು. ಶುಕ್ರಿ ಅಂಗಡಿಯಿಂದ ಓಡಿ ಬಂದ. ಆಸ್ಪತ್ರೆಯ ಡಾಕ್ಟರು ಪರದೆಯ ಮೇಲೆ ನೋಡಿ, ಇನ್ನೊಬ್ಬರನ್ನು ಕರೆಸಿ ತೋರಿಸಿ, ಮಗು ಉಳಿದಿಲ್ಲ ಎಂದರು. ಮಾತ್ರೆ ಕೊಟ್ಟರು, ಇನ್ನೂ ಎರಡು ಮೂರು ವಾರ ರಕ್ತ ಹೋಗಬಹುದು ಎಂದರು. ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಆಸ್ಪತ್ರೆಯ ಎದುರಿನ ಬಸ್ ತಂಗುದಾಣದಲ್ಲಿ ಕೂತಿದ್ದರು.

"ಅಮ್ಮಂಗೆ ಹೇಳೋದು ಬೇಡ ಅಬಾಂಗ್," ಎಂದಳು ಯಾನಿ. ನಮ್ಮಲ್ಲಿ ಹೆಂಡತಿ ಗಂಡನನ್ನು ಕರೆಯುವುದು ಹಾಗೆ.

"ಎಷ್ಟು ದಿನ ಮುಚ್ಚಿಡ್ತೀಯಾ?"

"ಹಬ್ಬ ಮುಗೀಲಿ."

"ಹೊಟ್ಟೆ ಬೆಳೀದಿದ್ರೆ ಗೊತ್ತಾಗಲ್ವಾ?"

"ಈಗಲೇ ಏನು ಕಾಣುತ್ತೆ. ಹಬ್ಬಕ್ಕೆ ಭಾವ ಬರ್ತಾರೆ, ಮಕ್ಕಳು ಬರ್ತಾರೆ. ಅವರೆದುರು ಅಮ್ಮ ನಿಮ್ಮನ್ನ ಅಷ್ಟು ಬೈಯಲ್ಲ."

ಶುಕ್ರಿ ಅವಳು ಅಳುತ್ತಾಳೆಂದು ಕಾದ. ಅವಳು ಅಳಲಿಲ್ಲ. ಅಳು ಬರಲಿಲ್ಲ, ಅಷ್ಟೇ. ಎದುರಿನ ಅಂಗಡಿಯಲ್ಲಿ ಹಬ್ಬದ ಬಟ್ಟೆ ನೇತುಹಾಕಿದ್ದರು. ಅವುಗಳ ಬಣ್ಣ ಯಾವುದೆಂದು ಕೇಳಿದ್ದರೆ ಅವಳು ಹೇಳುತ್ತಿರಲಿಲ್ಲ.

ಮನೆಗೆ ಬಂದಾಗ ಒಲೆಯ ಮೇಲೆ ಕೋಳಿ ಕುದಿಯುತ್ತಿತ್ತು.

"ಬಂದ್ಯಾ? ಇವತ್ತು ಬೇಗ ಬಿಟ್ರಾ? ಬಾ ಬಾ, ಉಪ್ಪು ನೋಡು," ಎಂದು ಸೌದಾ ಸೌಟಿನಿಂದ ಒಂದಿಷ್ಟು ಅವಳ ಅಂಗೈಗೆ ಬಿಟ್ಟಳು.

ಯಾನಿ ನೆಕ್ಕಿದಳು. ಬೇರೆ ದಿನವಾಗಿದ್ದರೆ ಕಣ್ಣಲ್ಲಿ ನೀರು ಬರಬೇಕಿತ್ತು. ಏನೂ ತಾಗಲಿಲ್ಲ. ಖಾರವಿಲ್ಲ, ಹುಳಿಯಿಲ್ಲ, ಉಪ್ಪಿದೆಯೋ ಇಲ್ಲವೋ ತಿಳಿಯಲಿಲ್ಲ. ಇನ್ನೊಮ್ಮೆ ನೆಕ್ಕಿದಳು.

"ಸರಿಯಾಗಿದೆ," ಎಂದಳು.

ಅವತ್ತು ಸಂಜೆ ಖರ್ಜೂರ ತಿಂದು, ನೀರು ಕುಡಿದು, ಅನ್ನಕ್ಕೆ ಸಾರು ಹಾಕಿಕೊಂಡ ಮಝ್ನಾ ಮೊದಲ ತುತ್ತಿಗೇ ಮುಖ ಕಿವಿಚಿದಳು.

"ಏನೇ ಇದು, ಸಮುದ್ರದ ನೀರು ತಂದು ಸುರಿದಿದೀರಾ? ಯಾರೇ ಉಪ್ಪು ನೋಡಿದ್ದು?"

"ನಾನೇ," ಎಂದಳು ಯಾನಿ.

ಸೌದಾ ಒಂದು ತುತ್ತು ಉಂಡಳು. ಅವಳ ಮುಖ ಅರಳಿತು. "ಸುಮ್ನಿರೇ ಮಝ್ನಾ. ಬಸಿರಿ ನಾಲಿಗೆ ಹಂಗೇ. ನೀನು ಹೊಟ್ಟೇಲಿದ್ದಾಗ ನನಗೂ ಉಪ್ಪು ತಿಳೀತಿರ್ಲಿಲ್ಲ. ಇವಳು ಹೊಟ್ಟೇಲಿದ್ದಾಗಲೂ ಅಷ್ಟೇ. ಅಲ್ವಾ ಉವಾನ್? ಹೆಣ್ಣಾದ್ರೇನೇ ನಾಲಿಗೆ ಕೆಡೋದು."

"ಉಪ್ಪು ಸ್ವಲ್ಪ ಕಮ್ಮಿ," ಎಂದಳು ಉವಾನ್.

ಶುಕ್ರಿ ತಲೆಯೆತ್ತಲಿಲ್ಲ. ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು, ಮೂರು ಲೋಟ ನೀರು ಕುಡಿದು ರಾತ್ರಿಯ ತರಾವೀಹ್ ನಮಾಜಿಗೆ ಹೊರಟುಹೋದ.

ಹೀಗೇ ದಿನ ಸಾಗಿತು. ಮೀನು ಬೇಯಿಸಿದ ದಿನ ಒಂದು ರುಚಿ, ಕೋಳಿಯ ದಿನ ಇನ್ನೊಂದು. ಸೌದಾ ದಿನಾ ಕೇಳುತ್ತಿದ್ದಳು, ಯಾನಿ ದಿನಾ 'ಸರಿಯಾಗಿದೆ' ಎನ್ನುತ್ತಿದ್ದಳು. ಮಲಗಲು ಹಾಸಿಗೆ ಮೆತ್ತಗಿದೆಯಾ? ಸರಿಯಾಗಿದೆ. ವಾಂತಿ ನಿಂತಿದೆಯಾ? ಸರಿಯಾಗಿದೆ. ಉಪ್ಪು ತಪ್ಪಿದಷ್ಟೂ ಸೌದಾಳ ಹರುಷ ಹೆಚ್ಚಿತು. ಕೋಳಿಯ ಈಲಿಯನ್ನು ಹುಡುಕಿ ತೆಗೆದು ಮಗಳ ತಟ್ಟೆಗೆ ಹಾಕುವಳು. ಬಕೆಟ್ ಎತ್ತಲು ಬಿಡಳು. ಮಗಳ ಮೈ ತಂಪಾಗಿರಲೆಂದು ಗುಲಾಬಿ ಶರಬತ್ತಿಗೆ ಲೋಟದ ತುಂಬ ಐಸ್ ಹಾಕಿ ಅವಳ ಮುಂದಿಡುವಳು. ಯಾನಿ ಕುಡಿಯುವಳು. ಕುಡಿ ಎಂದರೆ ಕುಡಿಯುವುದು, ಮಲಗು ಎಂದರೆ ಮಲಗುವುದು. ಬೇಡ ಎನ್ನುವುದಕ್ಕೂ ಮೈಯಲ್ಲಿ ಏನಾದರೂ ಬೇಕಲ್ಲ.

ಎರಡನೆಯ ವಾರ ಮಝ್ನಾಳ ಸಹನೆಯ ಕಟ್ಟೆಯೊಡೆಯಿತು.

"ನೀರು ಸೇದೋದು ನಾನು, ಕಾಯಿ ತುರಿಯೋದು ನಾನು, ಪಾತ್ರೆ ನಾನು. ಇವಳು ಒಂದು ನಾಲಿಗೆ ಚಾಚಬೇಕು, ಅದೂ ನೆಟ್ಟಗಿಲ್ಲ. ನಿನ್ನೆ ಸಮುದ್ರ, ಇವತ್ತು ಮಳೆನೀರು. ನಾನೇನು ಮೂರು ಹೆತ್ತಿಲ್ವಾ ಅಮ್ಮ? ನನಗೆ ಯಾವತ್ತಾದ್ರೂ ಈಲಿ ಹಾಕಿದ್ಯಾ?"

"ನೀನು ಗಂಡು ಹೆತ್ತೆ."

"ಅದು ನನ್ನ ತಪ್ಪಾ?"

"ತಪ್ಪು ಅಂದೆನಾ? ಗಂಡುಮಕ್ಕಳು ನಾಳೆ ಇನ್ಯಾರದೋ ಮನೆಗೆ ಹೋಗೋರು. ಈ ಮನೇಲಿ ಉಳಿಯೋದು ಯಾರು ಅಂತ."

"ಬಿಡಕ್ಕ, ಪಾತ್ರೆ ನಾನು ತೊಳೀತೀನಿ," ಎಂದು ಯಾನಿ ಎದ್ದಳು. ಸೌದಾ ಅವಳ ಭುಜ ಒತ್ತಿ ಕೂರಿಸಿದಳು. ಮತ್ತೆ ಐಸ್ ಹಾಕಿದ ಲೋಟ ಅವಳ ಕೈಗೆ ಬಂತು. ಆಗ ಶುಕ್ರಿಗೆ ತಡೆಯಲಾಗಲಿಲ್ಲ.

"ಅತ್ತೆ, ಅವಳಿಗೆ ಐಸ್ ಬೇಡ."

"ಯಾಕೆ?"

"ಸುಮ್ನೆ. ತಂಪು ಒಳ್ಳೇದಲ್ಲ."

"ಓಹೋ, ಬಸಿರಿ ಬಾಣಂತಿ ವಿಷಯ ಅಳಿಯ ನನಗೆ ಕಲಿಸ್ತಾನೆ! ನಾನು ಹೇಳ್ತೀನಿ ಕೇಳು, ಆ ಬೈಕ್ ಮಾರೋಕೆ ರಫೇಯಾ ಮಗನ ಹತ್ರ ಮಾತಾಡಿದೀನಿ. ಹೆರಿಗೆ ಆಗೋವರೆಗೆ ನನ್ನ ಮಗಳು ಅದರ ಮೇಲೆ ಕೂರಲ್ಲ."

"ಬೈಕ್ ನಂದು. ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೋಳಿ ಕೇಳಿ ಮಸಾಲೆ ಅರೀತಾರಾ?"

ಉವಾನ್ ಕಿಸಕ್ಕನೆ ನಕ್ಕಳು. ಶುಕ್ರಿ ಹೆಂಡತಿಯನ್ನು ನೋಡಿದ. ಈಗ ಹೇಳು, ಇಲ್ಲವಾದರೆ ನಾನು ಹೇಳುತ್ತೇನೆ ಎನ್ನುವಂತಿತ್ತು ಅವನ ಮುಖ. ಯಾನಿ ಲೋಟವೆತ್ತಿ ಐಸ್ ಸಮೇತ ಗಟಗಟ ಕುಡಿದು ಕೆಳಗಿಟ್ಟಳು. ಅವನು ಎದ್ದು ಕೈ ತೊಳೆಯಲು ಹೋದ.

ಮೂರನೆಯ ವಾರ ಕಳೆಯುವ ಹೊತ್ತಿಗೆ ರಕ್ತ ನಿಂತಿತು. ಯಾನಿ ಒಂದು ದಿನ ಕಾದು ನೋಡಿದಳು. ಪೂರ್ತಿ ನಿಂತಿತ್ತು. ಇಷ್ಟು ದಿನ ಅವಳ ಸುಳ್ಳು ಬಾಯಿಯದು ಮಾತ್ರ. ಉಪವಾಸ ಹಿಡಿಯುವಂತಿರಲಿಲ್ಲ, ಹಿಡಿದಿರಲಿಲ್ಲ. ಇನ್ನು ಮೇಲೆ ಸ್ನಾನ ಮಾಡಬೇಕು, ನಮಾಜ್ ಮಾಡಬೇಕು, ಉಪವಾಸ ಹಿಡಿಯಬೇಕು. ಹಿಡಿದರೆ ಉಪ್ಪು ನೋಡುವಂತಿಲ್ಲ. ಉಪ್ಪು ನೋಡುವುದಿಲ್ಲ ಎಂದ ಗಳಿಗೆಯಲ್ಲೇ ಎಲ್ಲ ಹೊರಬೀಳುತ್ತದೆ. ಅದರ ಹಿಂದೆಯೇ ಅಮ್ಮ ಶುಕ್ರಿಯ ಮೇಲೆ ಬೀಳುತ್ತಾಳೆ, ಶುಕ್ರಿ ಹೊರಡುತ್ತಾನೆ. ಅಷ್ಟರಲ್ಲಿ ಮಸೀದಿಯ ಸರದಿಯ ದಿನವೂ ಬಂದೇಬಿಟ್ಟಿತ್ತು.

ಅವತ್ತು ನಸುಕಿಗೇ ಅವಳು ತಲೆಗೆ ನೀರು ಹಾಕಿಕೊಂಡಳು. ಉಪವಾಸಕ್ಕೆ ಮುಂಚಿನ ಸಹರಿಯ ಊಟಕ್ಕೆ ಒದ್ದೆ ಕೂದಲಲ್ಲಿ ಬಂದು ಕೂತವಳನ್ನು ಉವಾನ್ ಕಣ್ಣರಳಿಸಿ ನೋಡಿದಳು.

"ಆಹಾ! ಇಷ್ಟೊತ್ತಿಗೇ ತಲೆಸ್ನಾನ. ರಂಜಾನ್ ಅಂತಾನೂ ಇಲ್ಲ, ಬಸಿರಿ ಅಂತಾನೂ ಇಲ್ಲ ನಿನ್ನ ಗಂಡಂಗೆ."

ಮಝ್ನಾ ನಗುತ್ತ ನೆತ್ತಿ ಹತ್ತಿಸಿಕೊಂಡಳು. ಸೌದಾ "ಥೂ, ಮುದುಕಿಗೆ ನಾಚಿಕೆ ಇಲ್ಲ," ಎಂದು ಬೈದು ತಾನೂ ನಕ್ಕಳು. ಯಾನಿ ಎರಡು ತುತ್ತು ಉಂಡು ನೀರು ಕುಡಿದು ಎದ್ದಳು. ಕೋಣೆಯಲ್ಲಿ ಶುಕ್ರಿ ಹಾಸಿಗೆಯ ಮೇಲೆ ಕೂತಿದ್ದ.

"ಇವತ್ತು ಹಿಡಿದಿದೀನಿ," ಎಂದಳು.

"ಇವತ್ತೇನಾ? ಊರಿನ ಹೆಂಗಸರೆಲ್ಲ ಅಂಗಳದಲ್ಲಿರ್ತಾರೆ. ನಾಳೆಯಿಂದ ಹಿಡಿ."

"ಇವತ್ತು ಬಿಟ್ರೆ ಬೇಕಂತಲೇ ಬಿಟ್ಟ ಹಾಗೆ. ಅಮ್ಮಂಗೆ ಹೇಳಿದ ಸುಳ್ಳನ್ನ ದೇವರಿಗೂ ಹೇಳ್ಲಾ?"

ಶುಕ್ರಿ ಎದ್ದು, ಗೋಡೆಯ ಮೊಳೆಯಲ್ಲಿದ್ದ ಚೀಲ ಇಳಿಸಿ, ಎರಡು ಅಂಗಿ, ಒಂದು ಪಂಚೆ, ಹಲ್ಲುಜ್ಜುವ ಬ್ರಷ್ ತುಂಬಿದ. ಚೀಲವನ್ನು ಬಾಗಿಲ ಪಕ್ಕ ಇಟ್ಟ. ಅದನ್ನು ನೋಡಿ ತನಗೆ ಎದೆ ಧಸಕ್ಕೆನ್ನಬೇಕಿತ್ತು ಎಂದು ಯಾನಿಗೆ ಅನ್ನಿಸಿತು. ಅನ್ನಿಸಿತಷ್ಟೇ, ಎದೆ ಹಾಗೆ ಎನ್ನಲಿಲ್ಲ.

ಬೆಳಗ್ಗೆ ತಾಯಿ ಒಬ್ಬಳೇ ಸಿಕ್ಕಾಗ ಹೇಳಿಬಿಡಬೇಕೆಂದು ಎರಡು ಸಲ ಹತ್ತಿರ ಹೋದಳು.

"ಅಮ್ಮ, ಒಂದು ಮಾತು."

"ಮಾತು ಆಮೇಲೆ. ಕೋಳಿ ಎಲ್ಲ ತೊಳೆದಾಯ್ತಾ ನೋಡು. ಮಝ್ನಾ, ಆ ಮೆಣಸು ಕೈಯಲ್ಲೇ ಕಣ್ಣುಜ್ಜಿಕೋಬೇಡ್ವೇ!"

ಮಧ್ಯಾಹ್ನದ ನಮಾಜಾದ ಮೇಲೆ ರಫೇಯಾ ಮತ್ತು ಇನ್ನೂ ಏಳೆಂಟು ಹೆಂಗಸರು ತಮ್ಮ ತಮ್ಮ ಚೂರಿ ಮಣೆ ಹಿಡಿದು ಬಂದರು. ಅಂಗಳದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಇಬ್ಬರು ಎತ್ತಬೇಕಾದ ಬಾಣಲೆ. ಶುಕ್ರಿ ಸೌದೆ ಒಡೆದು ತಂದು ಹಾಕುತ್ತಿದ್ದ. ಅರಿಸಿನದ ಬಣ್ಣದ ಸಾರು ಕುದಿಯಿತು, ಮೆಣಸಿನ ಘಾಟಿಗೆ ಎಲ್ಲರೂ ಸೀನಿದರು. ಗಟ್ಟಿ ಹಾಲು ಬಿಟ್ಟು, ಅರಿಸಿನ ಎಲೆ ಹರಿದು ಹಾಕಿ, ಸೌದಾ ಉಪ್ಪಿನ ಬೋಗುಣಿ ಎತ್ತಿಕೊಂಡಳು.

"ಈ ಸಲ ಉಪ್ಪಿದೆ ತಾನೇ ಮನೇಲಿ?" ಎಂದಳು ರಫೇಯಾ.

ಸೌದಾ ಆ ಮಾತಿಗೇ ಕಾದಿದ್ದಳು. "ಉಪ್ಪೂ ಇದೆ, ನೋಡೋರೂ ಇದಾರೆ. ಒಬ್ಬಳಲ್ಲ ಕಣೇ, ಇಬ್ಬರು!" ಎಂದು ಬಸಿರಿಯಂತೆ ತನ್ನ ಹೊಟ್ಟೆ ಸವರಿ ತೋರಿಸಿದಳು. ಹೆಂಗಸರು ನಕ್ಕರು. "ಯಾನೀ, ಬಾ ಇಲ್ಲಿ. ಕೈ ಒಡ್ಡು."

ಯಾನಿ ಬಂದು ನಿಂತಳು. ಕೈ ಒಡ್ಡಲಿಲ್ಲ.

"ನಾನು ಉಪವಾಸ, ಅಮ್ಮ."

"ಏನು ಹುಚ್ಚೇ ನಿಂಗೆ? ಬಸಿರಿ ಹಸ್ಕೊಂಡಿರ್ತಾಳಾ? ಯಾರು ಹಿಡಿ ಅಂದ್ರು?"

"ನಸುಕಿಗೆ ಸ್ನಾನ ಮಾಡಿದೆನಲ್ಲ. ಅದು ನಿಂತಿದ್ದಕ್ಕೆ. ಇವತ್ತಿಂದ ಹಿಡಿದಿದೀನಿ."

ನಗುತ್ತಿದ್ದ ಹೆಂಗಸರು ನಕ್ಕಲ್ಲಿಗೇ ನಿಂತರು. ಯಾವ ಸ್ನಾನ, ಏನು ನಿಂತಿದ್ದು ಎಂದು ಅವರಲ್ಲಿ ಒಬ್ಬಳಿಗೂ ಬಿಡಿಸಿ ಹೇಳಬೇಕಿರಲಿಲ್ಲ. ರಫೇಯಾ ತಲೆ ತಗ್ಗಿಸಿ, ಉರಿಯುತ್ತಿದ್ದ ಸೌದೆಯನ್ನೇ ಮತ್ತೆ ಒಳಗೆ ನೂಕಿದಳು. ಸೌದಾಳ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಅವಳ ಕಣ್ಣು ಮಗಳನ್ನು ಬಿಟ್ಟು ನಿಧಾನವಾಗಿ ಅಳಿಯನ ಕಡೆ ಹೋಯಿತು.

ಶುಕ್ರಿ ಕೊಡಲಿ ಕೆಳಗಿಟ್ಟ. "ಬೈಯೋದಾದ್ರೆ ಬೈಯಿರಿ ಅತ್ತೆ. ಬೈಕ್ ಮೇಲೆ ಕರ್ಕೊಂಡು ಹೋಗಿದ್ದು ನಾನೇ. ಆಸ್ಪತ್ರೆಗೆ."

"ಯಾವತ್ತು?"

"ಮೊದಲನೇ ವಾರ."

"ಮೊದಲನೇ ವಾರ," ಎಂದಳು ಸೌದಾ. ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಅವಳ ತುಟಿ ಬೇರೇನನ್ನೋ ಲೆಕ್ಕ ಹಾಕುತ್ತಿತ್ತು. "ಹಂಗಾದ್ರೆ ನಾನು ದಿನಾ ಐಸ್ ಕುಡಿಸಿದ್ದು ಬಾಣಂತಿಗಾ?"

ಮಗು ಉಳಿಯಲಿ ಬಿಡಲಿ, ನಮ್ಮಲ್ಲಿ ಬಾಣಂತಿ ಬಾಣಂತಿಯೇ. ಒಂದು ತೊಟ್ಟು ತಣ್ಣೀರು ಮುಟ್ಟಿಸುವಂತಿಲ್ಲ, ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಬೇಕು, ಕಲ್ಲು ಕಾಯಿಸಿ ಶಾಖ ಕೊಡಬೇಕು. ಊರಿನ ಅರ್ಧ ಹೆಂಗಸರಿಗೆ ಬಾಣಂತನ ಮಾಡಿದವಳು ಸೌದಾ.

"ಯಾಕೇ ಹೇಳ್ಲಿಲ್ಲ?"

"ನಿನಗೆ ಹೆದರಿ," ಎಂದಳು ಯಾನಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಸಂತೆಯಲ್ಲಿ ಮೀನಿನ ರೇಟು ಹೇಳಿದ ಹಾಗೆ ಹೇಳಿದಳು. ಸೌದಾಳಿಗೆ ಅದು ನಾಟಿದಷ್ಟು ಯಾವ ಬೈಗುಳವೂ ನಾಟುತ್ತಿರಲಿಲ್ಲ.

ಮಝ್ನಾ ಓಡಿಬಂದು ತಾಯಿಯ ಕೈಯಿಂದ ಸೌಟು ಕಿತ್ತುಕೊಂಡು ತಿರುಗಿಸತೊಡಗಿದಳು, ಇಲ್ಲದಿದ್ದರೆ ಹಾಲು ಒಡೆದುಹೋಗುತ್ತಿತ್ತು. "ನಾನು ನೋಡ್ತೀನಿ ಉಪ್ಪು," ಎಂದು ಉವಾನ್ ಜಗಲಿಯಿಂದ ಇಳಿದು ಬಂದಳು. ಯಾರೂ ಬೇಡವೆನ್ನಲಿಲ್ಲ. ಆ ದಿನ ಮಸೀದಿಗೆ ಹೋದ ಕೋಳಿಯ ರುಚಿ ಹೇಗಿತ್ತೆಂದು ಕೇಳುವುದಕ್ಕೆ ಆಮೇಲೆ ರಫೇಯಾಳಿಗೂ ಬಾಯಿ ಬರಲಿಲ್ಲ.

ಸೌದಾ ಮಗಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದಳು. ಕೋಣೆಯ ಬಾಗಿಲಲ್ಲಿ ಚೀಲ ಕಾಲಿಗೆ ತೊಡರಿತು. ಹಿಂದೆಯೇ ಶುಕ್ರಿ ಬಂದು ನಿಂತಿದ್ದ.

"ಇದೇನು?"

"ನನ್ನ ಬಟ್ಟೆ."

ಸೌದಾ ಚೀಲ ನೋಡಿದಳು, ಅವನ ಮುಖ ನೋಡಿದಳು. ತಪ್ಪಾಯಿತು ಎನ್ನುವ ಮಾತು ಆ ಹೆಂಗಸಿನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ಅವತ್ತೂ ಬರಲಿಲ್ಲ. ಚೀಲವನ್ನು ಎತ್ತಿ ಮತ್ತೆ ಮೊಳೆಗೆ ಹಾಕಿದಳು.

"ಹೊಳೆಗೆ ಹೋಗಿ ಅಂಗೈ ಅಗಲದ ಎರಡು ಕಲ್ಲು ತಗೊಂಡು ಬಾ. ನುಣ್ಣಗಿರ್ಬೇಕು. ಒಲೆಗೆ ಹಾಕಿ ಕಾಯಿಸು. ಬೈಕಲ್ಲೇ ಹೋಗು, ಬೇಗ ಬರ್ತೀಯಾ."

ಯಾನಿ ಚಾಪೆಯ ಮೇಲೆ ಮಲಗಿದಳು. "ಈಗ ಮಾಡಿ ಏನು ಪ್ರಯೋಜನ ಅಮ್ಮ? ಮೂರು ವಾರ ಆಯ್ತು."

"ಬಾಯಿ ಮುಚ್ಕೊಂಡು ಮಲಗು."

ಶುಕ್ರಿ ಕಾದ ಕಲ್ಲನ್ನು ಎಲೆಯಲ್ಲಿ ಸುತ್ತಿ, ಬಟ್ಟೆಯಲ್ಲಿ ಸುತ್ತಿ ತಂದು ಹೊಸ್ತಿಲಾಚೆ ನಿಂತ. ಬಾಣಂತಿಯ ಕೋಣೆಗೆ ಗಂಡಸರು ಬರುವುದಿಲ್ಲ. "ಅಲ್ಲೇ ಯಾಕೆ ನಿಂತೆ? ಒಳಗೆ ಬಾ," ಎಂದಳು ಸೌದಾ. ಕಲ್ಲು ಇಸಿದುಕೊಂಡು ಮಗಳ ಕಿಬ್ಬೊಟ್ಟೆಯ ಮೇಲಿಟ್ಟಳು.

"ಬಿಸಿ ಸಾಕಾ?"

ಮೂರು ವಾರ ಹೇಳಿದ್ದ ಮಾತೇ ಯಾನಿಯ ಬಾಯಿಗೆ ಬಂತು. ಅರ್ಧಕ್ಕೆ ನಿಂತಿತು.

"ಗೊತ್ತಾಗ್ತಿಲ್ಲ ಅಮ್ಮ."

ಸೌದಾ ಗಾಬರಿಯಾಗಿ ಕಲ್ಲು ಎತ್ತಿ ನೋಡಿದಳು. ಚರ್ಮ ಆಗಲೇ ಕೆಂಪಗಾಗಿತ್ತು. ಅವಳು ತನ್ನ ಅಂಗೈಯನ್ನು ಮಗಳ ಹೊಟ್ಟೆಯ ಮೇಲೆ ಹರಡಿ, ಕಲ್ಲನ್ನು ಆ ಕೈಯ ಮೇಲೆ ಇಟ್ಟುಕೊಂಡಳು. ಕೈ ಚುರ್ರೆಂದಿತು, ತೆಗೆಯಲಿಲ್ಲ.

"ನಿನಗೆ ಗೊತ್ತಾಗೋವರೆಗೂ ನಾನು ನೋಡ್ತೀನಿ," ಎಂದಳು.